ಫೋಟೊ ಉಳಿದರೆ ಸಾಲದು, ಹೆಸರೂ ಉಳಿಯಬೇಕು



ನಿಮ್ಮ ಮನೆಯ ಗೋಡೆಯ ಮೇಲೆ, ಬೀರುವಿನಲ್ಲಿ ಅಥವಾ ಹಳೆಯ ಟ್ರಂಕಿನ ತಳದಲ್ಲಿ ಕೆಲವು ಹಳೆಯ ಫೋಟೊಗಳು ಇರಬಹುದು. ನಮ್ಮ ಜಿಲ್ಲೆಯ ಮನೆಗಳಲ್ಲಿ ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ನಿಂತು ತೆಗೆಸಿಕೊಂಡ ಫೋಟೊ ಸಿಕ್ಕರೆ ಆಶ್ಚರ್ಯವಿಲ್ಲ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣದ ಕಡೆಯಿಂದ ವೈರಮುಡಿ ಉತ್ಸವಕ್ಕೆ ಹೋದವರು ಅಲ್ಲಿ ಸಾಲಾಗಿ ನಿಲ್ಲುವುದು ರೂಢಿ. ಹಿಂದೆ ಯೋಗಾನರಸಿಂಹಸ್ವಾಮಿ ಬೆಟ್ಟ, ಮುಂದೆ ನೀರು, ನಡುವೆ ನಮ್ಮವರು.

ಅಂತಹ ಒಂದು ಫೋಟೊವನ್ನು ಕೈಗೆ ತೆಗೆದುಕೊಳ್ಳಿ. ಮಧ್ಯದಲ್ಲಿ ನಿಂತವರು ತಾತ ಎಂದು ನಿಮಗೆ ಗೊತ್ತು. ಅವರ ಪಕ್ಕದಲ್ಲಿರುವವರು ಯಾರು? ಕಂಕುಳಲ್ಲಿರುವ ಮಗು ಯಾರದು? ಅದು ಯಾವ ವರ್ಷ? ನಿಮ್ಮ ಅಪ್ಪನಿಗೂ ತಿಳಿಯದಿರಬಹುದು. ಅಜ್ಜಿಯನ್ನು ಕೇಳಿದರೆ ತಟ್ಟನೆ ಹೇಳುತ್ತಾರೆ. ಈ ಮಾಹಿತಿ ಸದ್ಯಕ್ಕೆ ಇರುವುದು ಅಜ್ಜಿಯ ನೆನಪಿನಲ್ಲಿ ಮಾತ್ರ.

ಹಳೆಯ ಫೋಟೊಗಳನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಪ್ರತಿ ಮಾಡಿ ಉಳಿಸಬೇಕೆಂದು ಈಗ ಎಲ್ಲರೂ ಹೇಳುತ್ತಾರೆ. ಅದು ಒಳ್ಳೆಯ ಮಾತೇ. ಆದರೆ ನನ್ನ ಅಭಿಪ್ರಾಯದಲ್ಲಿ ಅದು ಅರ್ಧ ಕೆಲಸ. ಯಾರು, ಎಲ್ಲಿ, ಯಾವಾಗ ಎಂಬ ಮೂರು ವಿಷಯಗಳನ್ನು ಬರೆದಿಟ್ಟಾಗಲೇ ಆ ಕೆಲಸ ಪೂರ್ಣವಾಗುತ್ತದೆ. ಏಕೆ ಎಂದು ನೋಡೋಣ.

ಫೋಟೊ ಏಕೆ ಹಾಳಾಗುತ್ತದೆ?

ಹಳೆಯ ಕಪ್ಪು ಬಿಳುಪು ಫೋಟೊದಲ್ಲಿ ಕಾಗದದ ಮೇಲೆ ಜೆಲಟಿನ್ ಎಂಬ ತೆಳುವಾದ ಪದರವಿರುತ್ತದೆ. ಅದರೊಳಗೆ ಬೆಳ್ಳಿಯ ಅತಿ ಸಣ್ಣ ಕಣಗಳಿರುತ್ತವೆ. ನಾವು ನೋಡುವ ಕಪ್ಪು ಬಣ್ಣ ಈ ಬೆಳ್ಳಿಯದೇ. ಜೆಲಟಿನ್ ತಯಾರಾಗುವುದು ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ. ಆದ್ದರಿಂದ ಮಳೆಗಾಲದ ತೇವಾಂಶದಲ್ಲಿ ಶಿಲೀಂಧ್ರಗಳಿಗೆ ಅದು ಒಳ್ಳೆಯ ಆಹಾರ. ಫೋಟೊದ ಮೇಲೆ ಕಾಣುವ ಬೂಷ್ಟಿನ ಚುಕ್ಕೆಗಳಿಗೆ ಇದೇ ಕಾರಣ.

ಬಣ್ಣದ ಫೋಟೊಗಳ ಕಥೆ ಬೇರೆ. ಅವುಗಳಲ್ಲಿ ಬೆಳ್ಳಿಯ ಬದಲು ಹಳದಿ, ಮೆಜೆಂಟಾ ಮತ್ತು ಸಯಾನ್ ಎಂಬ ಮೂರು ವರ್ಣಕಗಳು ಇರುತ್ತವೆ. ಸಯಾನ್ ಎಂದರೆ ಹಸಿರು ಬೆರೆತ ನೀಲಿ. 1970ರ ದಶಕದ ಅನೇಕ ಬಣ್ಣದ ಫೋಟೊಗಳು ಆಲ್ಬಮ್ಮಿನ ಕತ್ತಲಲ್ಲಿ ಇದ್ದರೂ ಕೆಂಪಗೆ ಆಗಿರುವುದನ್ನು ನೀವು ಗಮನಿಸಿರಬಹುದು. ಸಯಾನ್ ವರ್ಣಕ ಮೊದಲು ಕ್ಷೀಣಿಸಿ, ಉಳಿದ ಎರಡು ಮೇಲುಗೈ ಪಡೆಯುವುದರಿಂದ ಹೀಗಾಗುತ್ತದೆ. ಬಿಸಿಲು ಬೀಳುವ ಗೋಡೆಯ ಮೇಲಿದ್ದರಂತೂ ಬಣ್ಣ ಇನ್ನೂ ಬೇಗ ಮಾಸುತ್ತದೆ. ಆದ್ದರಿಂದ ಪ್ರತಿ ತೆಗೆಯುವುದನ್ನು ಮುಂದೂಡಬಾರದು.

ಕ್ಯಾಮೆರಾ ಏನು ಮಾಡುತ್ತದೆ?

ಡಿಜಿಟಲ್ ಕ್ಯಾಮೆರಾ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಚೌಕದ ಬೆಳಕನ್ನು ಸಂಖ್ಯೆಯಾಗಿ ದಾಖಲಿಸುತ್ತದೆ. ಈ ಚೌಕಕ್ಕೆ ಪಿಕ್ಸೆಲ್ ಎನ್ನುತ್ತಾರೆ. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ತಯಾರಿಸಿದರು. ಅದರ ಚಿತ್ರದಲ್ಲಿ ಇದ್ದದ್ದು ಕೇವಲ 10,000 ಪಿಕ್ಸೆಲ್‌ಗಳು. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ದಾಖಲಿಸಲು 23 ಸೆಕೆಂಡು ಬೇಕಾಗುತ್ತಿತ್ತು.

ನಮಗೆ ಎಷ್ಟು ಪಿಕ್ಸೆಲ್ ಬೇಕು? ಲೆಕ್ಕ ಮಾಡಿ. ಫೋಟೊದ ಅಳತೆ 6 ಅಂಗುಲ ಉದ್ದ, 4 ಅಂಗುಲ ಅಗಲ ಎಂದಿಟ್ಟುಕೊಳ್ಳಿ. ಅಂಗುಲಕ್ಕೆ 300 ಪಿಕ್ಸೆಲ್‌ನಂತೆ ಉದ್ದಕ್ಕೆ 1,800, ಅಗಲಕ್ಕೆ 1,200. ಗುಣಿಸಿದರೆ 21,60,000. ಇಂದಿನ ಬಹುತೇಕ ಮೊಬೈಲುಗಳ ಕ್ಯಾಮೆರಾಗಳು ಇದಕ್ಕಿಂತ ಎಷ್ಟೋ ಹೆಚ್ಚು ಪಿಕ್ಸೆಲ್‌ಗಳನ್ನು ಕೊಡುತ್ತವೆ. ಹಾಗಾಗಿ ದುಬಾರಿ ಉಪಕರಣ ಬೇಕಿಲ್ಲ. ಶಾಲೆಯ ಕ್ಯಾಮೆರಾ ಅಥವಾ ಮನೆಯ ದೊಡ್ಡವರ ಮೊಬೈಲು ಸಾಕು. ಬೇಕಾಗಿರುವುದು ಬೆಳಕಿನ ಪಾಠದ ತಿಳಿವಳಿಕೆ.

ಪತನ ಕೋನ ಮತ್ತು ಪ್ರತಿಫಲನ ಕೋನ ಸಮ ಎಂದು ನೀವು ಓದಿದ್ದೀರಿ. ಫ್ಲ್ಯಾಶ್ ಹಾಕಿ ನೇರವಾಗಿ ಮೇಲಿನಿಂದ ಫೋಟೊ ತೆಗೆದರೆ ಆ ಬೆಳಕು ಹೊಳಪು ಕಾಗದಕ್ಕೆ ಬಡಿದು ನೇರವಾಗಿ ಕ್ಯಾಮೆರಾಕ್ಕೇ ಹಿಂತಿರುಗುತ್ತದೆ. ನಡುವೆ ಬಿಳಿ ಮಚ್ಚೆ ಮೂಡುತ್ತದೆ. ಆದ್ದರಿಂದ ಫ್ಲ್ಯಾಶ್ ಬೇಡ. ಬಿಸಿಲು ನೇರವಾಗಿ ಬೀಳದ, ಆದರೆ ಒಳ್ಳೆಯ ಬೆಳಕಿರುವ ಜಗಲಿಯ ಮೇಲೆ ಫೋಟೊವನ್ನು ಸಮತಟ್ಟಾಗಿ ಇಡಿ. ಬೆಳಕು ಪಕ್ಕದಿಂದ ಬರಲಿ. ಕ್ಯಾಮೆರಾ ಫೋಟೊಗೆ ಸಮಾಂತರವಾಗಿರಲಿ. ಓರೆಯಾದರೆ ಆಯತಾಕಾರದ ಫೋಟೊ ತ್ರಾಪಿಜ್ಯವಾಗಿ ಕಾಣುತ್ತದೆ. ಕೈ ನಡುಗದಂತೆ ಎರಡು ಬದಿಗೆ ಪುಸ್ತಕಗಳನ್ನು ಜೋಡಿಸಿ ಅದರ ಮೇಲೆ ಕ್ಯಾಮೆರಾ ಇಡಬಹುದು. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಲು ಹೋಗಬೇಡಿ, ಜೆಲಟಿನ್ ಗಾಜಿನಲ್ಲೇ ಉಳಿದುಬಿಡುತ್ತದೆ. ಗಾಜಿನ ಎದುರು ಕಪ್ಪು ಬಟ್ಟೆ ಹಿಡಿದು ಪ್ರತಿಬಿಂಬ ಬೀಳದಂತೆ ಮಾಡಿ ಹಾಗೆಯೇ ತೆಗೆಯಿರಿ.

ದಿನಾಂಕವಿಲ್ಲದ ಫೋಟೊ

ವಿಜ್ಞಾನದಲ್ಲಿ ಒಂದು ನಿಯಮವಿದೆ. ಮಳೆಮಾಪಕದಲ್ಲಿ 40 ಮಿಲಿಮೀಟರ್ ಎಂದು ಅಳೆದು ದಿನಾಂಕ ಬರೆಯದಿದ್ದರೆ ಆ ಅಳತೆ ಉಪಯೋಗಕ್ಕೆ ಬರುವುದಿಲ್ಲ. ಫೋಟೊಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕಲ್ಯಾಣಿಯ ಫೋಟೊವನ್ನೇ ತೆಗೆದುಕೊಳ್ಳಿ. ನೀರು ಎಷ್ಟನೆಯ ಮೆಟ್ಟಿಲಿನವರೆಗೆ ಇತ್ತು ಎಂದು ಅದರಲ್ಲಿ ಎಣಿಸಬಹುದು. ಯಾವ ತಿಂಗಳು, ಯಾವ ವರ್ಷ ಎಂದು ಗೊತ್ತಿದ್ದರೆ ಇಂದಿನ ನೀರಿನ ಮಟ್ಟದೊಂದಿಗೆ ಹೋಲಿಸಬಹುದು. ಗೊತ್ತಿಲ್ಲದಿದ್ದರೆ ಅದು ಬರಿಯ ನೀರು. ಹಿಮನದಿಗಳು ಎಷ್ಟು ಕುಗ್ಗಿವೆ ಎಂದು ತಿಳಿಯಲು ವಿಜ್ಞಾನಿಗಳು ಹಳೆಯ ಫೋಟೊ ತೆಗೆದ ಜಾಗದಲ್ಲೇ ನಿಂತು ಹೊಸ ಫೋಟೊ ತೆಗೆದು ಹೋಲಿಸುತ್ತಾರೆ. ಹಿಂದಿನವರು ಜಾಗ ಮತ್ತು ವರ್ಷ ಬರೆದಿಟ್ಟಿದ್ದರಿಂದ ತಾನೆ ಇದು ಸಾಧ್ಯವಾಯಿತು?

ಮನುಷ್ಯರ ವಿಷಯದಲ್ಲಂತೂ ನಷ್ಟ ಇನ್ನೂ ದೊಡ್ಡದು. ಮಾಸಿದ ಬಣ್ಣವನ್ನು ಗಣಕಯಂತ್ರ ಸ್ವಲ್ಪ ಸರಿಪಡಿಸೀತು. ಮರೆತುಹೋದ ಹೆಸರನ್ನು ಯಾವ ಯಂತ್ರವೂ ಹುಡುಕಿಕೊಡಲಾರದು. ಅಜ್ಜಿಯ ಅಕ್ಕ ಇವರು ಎಂದು ಹೇಳಬಲ್ಲವರು ಹೋದ ಮೇಲೆ ಆ ಮುಖ ಅಪರಿಚಿತರ ಮುಖವಾಗುತ್ತದೆ. ಎಷ್ಟು ಕೋಟಿ ಪಿಕ್ಸೆಲ್ ಇದ್ದರೂ ಅಷ್ಟೇ.

ಹಾಗಾಗಿ ಕ್ಯಾಮೆರಾಕ್ಕಿಂತ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಫೋಟೊಗೆ ಒಂದು ಸಂಖ್ಯೆ ಕೊಡಿ. ಅಜ್ಜಿ ಅಥವಾ ತಾತನ ಪಕ್ಕದಲ್ಲಿ ಕುಳಿತು ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು, ಸಂಬಂಧ, ಊರು ಕೇಳಿ ಬರೆಯಿರಿ. ವರ್ಷ ನೆನಪಿಲ್ಲ ಎಂದರೆ ಬೇರೆ ರೀತಿ ಕೇಳಿ. 'ಆಗ ಅಪ್ಪ ಹುಟ್ಟಿದ್ದರಾ? ದೊಡ್ಡತ್ತೆಯ ಮದುವೆ ಆಗಿತ್ತಾ?' ಎಂದರೆ ಉತ್ತರ ಹತ್ತಿರ ಬರುತ್ತದೆ. ಊಹೆಯಾದರೆ 'ಸುಮಾರು' ಎಂದೇ ಬರೆಯಿರಿ. ಖಚಿತವಾದದ್ದು ಯಾವುದು, ಅಂದಾಜು ಯಾವುದು ಎಂದು ಬೇರ್ಪಡಿಸುವುದೇ ವೈಜ್ಞಾನಿಕ ಕ್ರಮ. ಡಿಜಿಟಲ್ ಪ್ರತಿಗೂ ಅದೇ ಸಂಖ್ಯೆ, ವರ್ಷ ಮತ್ತು ಊರಿನ ಹೆಸರು ಕೊಡಿ. ಫೋಟೊದ ಹಿಂಬದಿಯನ್ನೂ ಮರೆಯಬೇಡಿ. ಸ್ಟುಡಿಯೋದ ಮುದ್ರೆ, ಯಾರದೋ ಕೈಬರಹ ಅಲ್ಲಿರಬಹುದು. ಅದನ್ನೂ ಒಂದು ಚಿತ್ರ ತೆಗೆಯಿರಿ.

ಮೂಲವನ್ನು ಎಸೆಯಬಹುದೇ?

'ಮೊಬೈಲಿನಲ್ಲಿ ಇದೆಯಲ್ಲ, ಹಳೆಯದು ಏಕೆ?' ಎಂದು ಕೆಲವರು ಕೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಕೇಳಿ. ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಹಳೆಯ ತಾಳೆಗರಿ ಪ್ರತಿಯೊಂದು ಉಡುಪಿಯಲ್ಲಿತ್ತು. ಗರಿಗಳು ಕಪ್ಪಾಗಿ ಪುಡಿಯಾಗುವ ಸ್ಥಿತಿಗೆ ಬಂದಿದ್ದವು, ಅಕ್ಷರ ಓದುವುದೇ ಕಷ್ಟವಾಗಿತ್ತು. ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪ್ರಾಧ್ಯಾಪಕರಾದ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ತಂಡ 2006ರ ಸುಮಾರಿಗೆ ಡಿಜಿಟಲ್ ಕ್ಯಾಮೆರಾದಿಂದ ಅವುಗಳ ಚಿತ್ರ ತೆಗೆಯಿತು. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಮಾತ್ರ ಒಳಬಿಡುವ ಶೋಧಕವನ್ನು ಬಳಸಿದಾಗ ಗರಿಗೂ ಮಸಿಗೂ ಇರುವ ವ್ಯತ್ಯಾಸ ಎದ್ದು ಕಂಡಿತು. ಮಾಸಿದ ಅಕ್ಷರಗಳು ಮತ್ತೆ ಓದಲು ಸಿಕ್ಕವು.

ಇಲ್ಲಿ ಗಮನಿಸಬೇಕಾದದ್ದು ಏನು? ಆ ಗರಿಗಳನ್ನು ಯಾರೋ ಎಸೆಯದೆ ಇಟ್ಟುಕೊಂಡಿದ್ದರು. ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲೂ ತಾಳೆಗರಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಮೂಲ ಇದ್ದರೆ ಮುಂದೆ ಇನ್ನೂ ಉತ್ತಮ ಕ್ಯಾಮೆರಾ ಬಂದಾಗ ಇನ್ನೊಮ್ಮೆ ನೋಡಬಹುದು. ಆದ್ದರಿಂದ ಹಳೆಯ ಫೋಟೊಗಳನ್ನು ಒಣ ಕಾಗದದ ಲಕೋಟೆಯಲ್ಲಿ ಹಾಕಿ, ತೇವ ಮತ್ತು ಬಿಸಿಲು ತಾಗದ ಕಡೆ ಇಡಿ. ಹಿಂಬದಿಯಲ್ಲಿ ಬರೆಯುವುದಾದರೆ ಮೃದುವಾದ ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಮೂಡುತ್ತದೆ.

ಹಾಗೆಂದು ಡಿಜಿಟಲ್ ಪ್ರತಿ ಒಂದೇ ಇದ್ದರೂ ಅಪಾಯವೇ. ಮೊಬೈಲು ನೀರಿಗೆ ಬಿದ್ದರೆ ಎಲ್ಲವೂ ಹೋಯಿತು. 1969ರಲ್ಲಿ ಮಾನವ ಮೊದಲ ಬಾರಿ ಚಂದ್ರನ ಮೇಲೆ ನಡೆದ ದೃಶ್ಯದ ಮೂಲ ಟೇಪುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕೆಂದು 2009ರಲ್ಲಿ ನಾಸಾ ಹೇಳಿತು. ದೃಶ್ಯ ನಮಗೆ ಉಳಿದಿರುವುದು ಬೇರೆ ಕಡೆ ಇದ್ದ ಪ್ರತಿಗಳಿಂದ. ಆದ್ದರಿಂದ ಕನಿಷ್ಠ ಮೂರು ಕಡೆ ಪ್ರತಿ ಇರಲಿ. ಮೊಬೈಲಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಬೇರೆ ಊರಿನ ನೆಂಟರ ಮನೆಯಲ್ಲಿ ಒಂದು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊದಂತೆ ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಕಪ್ಪು ಬಿಳುಪು ಫೋಟೊಗೆ ಬಣ್ಣ ಹಾಕಿಕೊಡುವ ತಂತ್ರಾಂಶಗಳು ಈಗ ಬಂದಿವೆ. ನೋಡಲು ಚೆನ್ನ. ಆದರೆ ಅಜ್ಜಿಯ ಸೀರೆಗೆ ಅದು ಹಾಕುವ ಹಸಿರು ಬಣ್ಣ ಗಣಕದ ಊಹೆ. ನಿಜವಾದ ಬಣ್ಣ ಅಜ್ಜಿಗೆ ಗೊತ್ತು, ಕೇಳಿ ಬರೆದುಕೊಳ್ಳಿ. ಬದಲಾಯಿಸದ ಪ್ರತಿಯನ್ನು ಬೇರೆಯಾಗಿ ಇಡಿ. ಫೋಟೊವನ್ನು ಮನೆಯ ಹೊರಗಿನವರಿಗೆ ತೋರಿಸುವ ಮೊದಲು ಮನೆಯವರ ಒಪ್ಪಿಗೆ ಕೇಳುವುದೂ ಅಗತ್ಯ.

'ನಮ್ಮ ಮನೆಯಲ್ಲಿ ಹಳೆಯ ಫೋಟೊವೇ ಇಲ್ಲ' ಎನ್ನುವವರು ನಿಮ್ಮಲ್ಲಿ ಇರಬಹುದು. ಅದರಲ್ಲಿ ಕೊರತೆಯೇನೂ ಇಲ್ಲ. ಒಂದು ಕಾಲಕ್ಕೆ ಫೋಟೊ ತೆಗೆಸುವುದು ಕೂಲಿ ಮಾಡುವವರ ಕೈಗೆಟುಕುವ ಖರ್ಚಾಗಿರಲಿಲ್ಲ. ಅಂತಹ ಮನೆಯಲ್ಲಿ ಅಜ್ಜಿ ಹೇಳುವ ಹೆಸರುಗಳೇ ದಾಖಲೆ. ಅವನ್ನು ಬರೆದುಕೊಳ್ಳಿ. ಜೊತೆಗೆ ಇಂದೇ ಮನೆಯವರೆಲ್ಲರ ಒಂದು ಫೋಟೊ ತೆಗೆದು ಹೆಸರು, ಊರು, ದಿನಾಂಕ ಬರೆಯಿರಿ. ಐವತ್ತು ವರ್ಷದ ನಂತರ ಅದೂ ಹಳೆಯ ಫೋಟೊವೇ.

ಮನೆಯ ಎಲ್ಲ ಫೋಟೊಗಳನ್ನು ಒಂದೇ ದಿನ ಮುಗಿಸಬೇಕಾಗಿಲ್ಲ. ಈ ಭಾನುವಾರ ಒಂದನ್ನು ಮಾತ್ರ ಆರಿಸಿಕೊಳ್ಳಿ. ಯಾವುದನ್ನು ಎಂದು ಕೇಳುತ್ತೀರಾ? ಅತಿ ಹೆಚ್ಚು ಮಾಸಿರುವುದನ್ನಲ್ಲ. ಅದರಲ್ಲಿರುವವರನ್ನು ಗುರುತಿಸಬಲ್ಲವರು ಒಬ್ಬರೇ ಉಳಿದಿರುವ ಫೋಟೊವನ್ನು ಮೊದಲು ಆರಿಸಿಕೊಳ್ಳಿ.