ಸತ್ತ ಮರದ ಲೆಕ್ಕ ಯಾರು ಕೊಡಬೇಕು?

2023ರ ಬರದಲ್ಲಿ ನಮ್ಮ ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿತು. ಬೆಳೆ ಎಷ್ಟು ಹೋಯಿತೆಂಬ ಲೆಕ್ಕ ಬಂತು. ಕಾಡಿನಲ್ಲಿ ಎಷ್ಟು ಮರ ಸತ್ತವು? ಅಂಥ ಲೆಕ್ಕ ನನ್ನ ಕಣ್ಣಿಗೆ ಬೀಳಲಿಲ್ಲ. ನಿಜ ಹೇಳಬೇಕೆಂದರೆ, ಪತ್ರಕರ್ತರಾದ ನಾವೂ ಕೇಳಲಿಲ್ಲ.

ಕಾಡಿನ ಮರ ಎಣಿಸಲಾಗದು ಎಂಬ ನೆಪ ಈಗ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ 2016ರವರೆಗೆ ಭೀಕರ ಬರ ಬಿದ್ದಿತ್ತು. ವಿಜ್ಞಾನಿಗಳು ಸಿಯೆರಾ ನೆವಾಡಾ ಕಾಡನ್ನು ವಿಮಾನದಿಂದ ಲೇಸರ್ ಬಿಟ್ಟು ಅಳೆದರು. ಕಿರಣ ಮರದ ತುದಿಗೆ ಬಡಿದು ಮರಳುವ ಸಮಯಕ್ಕೂ ನೆಲಕ್ಕೆ ಬಡಿದು ಮರಳುವ ಸಮಯಕ್ಕೂ ಇರುವ ವ್ಯತ್ಯಾಸದಲ್ಲಿ ಮರದ ಎತ್ತರ ಸಿಗುತ್ತದೆ. ಜೊತೆಗೆ ವೈಮಾನಿಕ ಚಿತ್ರಗಳನ್ನಿಟ್ಟುಕೊಂಡು 18 ಲಕ್ಷ ಮರಗಳನ್ನು ಒಂದೊಂದಾಗಿ 8 ವರ್ಷ ಗಮನಿಸಿದರು. 2019ರಲ್ಲಿ ಫಲಿತಾಂಶ ಬಂತು: ಎತ್ತರದ ಮರಗಳು ಸಣ್ಣವಕ್ಕಿಂತ ದುಪ್ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಸತ್ತಿದ್ದವು.

ಕಾರಣ ರೈತನಿಗೆ ಹೊಸದೇನಲ್ಲ. ನೀರು ಕೆಳಗಿಳಿದಾಗ ಪಂಪಿಗೆ ಏರ್ ಹಿಡಿಯುತ್ತದಲ್ಲ, ಹಾಗೆಯೇ ಎತ್ತರಕ್ಕೆ ನೀರೆಳೆಯುವ ಮರದ ನಾಳಗಳಲ್ಲೂ ಗಾಳಿಗುಳ್ಳೆ ಸೇರಿ ನೀರಿನ ಎಳೆ ತುಂಡಾಗುತ್ತದೆ.

ಹೀಗಿರುವಾಗ 'ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ' ಎಂಬ ಮಾತಿಗೆ ಏನರ್ಥ? ಬರವೂ ದೊಡ್ಡ ಮರವನ್ನೇ ಒಯ್ಯುತ್ತದೆ, ರಸ್ತೆ ಅಗಲೀಕರಣವೂ ದೊಡ್ಡ ಮರವನ್ನೇ ಒಯ್ಯುತ್ತದೆ. ಅರಣ್ಯ ಸರ್ವೇಕ್ಷಣಾ ವರದಿಗೆ ಇದು ಕಾಣುವುದಿಲ್ಲ. ಒಂದು ಹೆಕ್ಟೇರಿನಲ್ಲಿ ಶೇ. 10ರಷ್ಟು ನೆರಳಿದ್ದರೆ ಸಾಕು, ಕಾಫಿ ತೋಟವೂ ಅದರಲ್ಲಿ ಅರಣ್ಯವೇ!

ಲೇಸರ್ ನಮ್ಮ ದೇಶಕ್ಕೂ ಬಂದಿದೆ. 10 ರಾಜ್ಯಗಳ ಅರಣ್ಯ ಪ್ರದೇಶವನ್ನು ಅದರಿಂದ ಅಳೆದು ಸಿದ್ಧಪಡಿಸಿದ ಯೋಜನಾ ವರದಿಗಳನ್ನು 2021ರಲ್ಲಿ ಕೇಂದ್ರ ಪರಿಸರ ಸಚಿವರೇ ಬಿಡುಗಡೆ ಮಾಡಿದರು. ಉದ್ದೇಶ ನೀರು, ಮೇವು, ಇಂಗುಗುಂಡಿ. ಬೇಡವೆಂದಲ್ಲ. ಮರ ಅಳೆಯುವುದು ಯಾವಾಗ?

ಯಂತ್ರವೊಂದೇ ಸಾಲದು ಎಂಬ ಆಕ್ಷೇಪ ಒಪ್ಪುತ್ತೇನೆ. ಕ್ಯಾಲಿಫೋರ್ನಿಯಾದ ಪೈನ್ ಕೆಂಪಾದರೆ ಸತ್ತಂತೆ. ನಮ್ಮ ತೇಗ, ಮತ್ತಿ, ದಿಂಡಿಗ ಪ್ರತಿ ಬೇಸಿಗೆಯಲ್ಲೂ ಬೋಳಾಗಿ ಮಳೆಗೆ ಚಿಗುರುತ್ತವೆ. ಮಾರ್ಚ್‌ನಲ್ಲಿ ಹಾರಿದ ವಿಮಾನ ಬದುಕಿದ ಮರವನ್ನೂ ಸತ್ತಿದೆ ಎಂದೀತು. ಅದಕ್ಕೇ ನೆಲದ ಮೇಲೆ ಜನ ಬೇಕು. ಬಂಡೀಪುರದ ಮಗ್ಗುಲಿನ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರ್ ಕಾಡಿನ ಮರಗಳಿಗೆ ನಂಬರ್ ಹಾಕಿ, ಟೇಪ್ ಹಿಡಿದು ಅಳೆಯುತ್ತಿದ್ದಾರೆ. ಆ ಲೆಕ್ಕದ ಮೇಲೆ ಲೇಸರ್ ಹಾಯಿಸಿ ತಾಳೆ ನೋಡಿದರೆ ಇಡೀ ಕಾಡು ಅಳೆಯುವ ದಾರಿ ಸಿಗುತ್ತದೆ.

ಆದರೆ ಈಗಲೇ ಆಗಬೇಕು. ಬರಕ್ಕೆ ಮುಂಚಿನ ಅಳತೆ ಇಲ್ಲದಿದ್ದರೆ, ಬರ ಮುಗಿದ ಮೇಲೆ ಸಿಕ್ಕ ಅಳತೆಯನ್ನು ಯಾವುದರ ಜೊತೆ ಹೋಲಿಸುತ್ತಾರೆ?