ಗೃಹಕೃತ್ಯ ವಿಚಾರ: ಮನೆಗೊಂದು ಮಲ್ಟಿಮೀಟರು

ಬನಶಂಕರಿ ಎರಡನೆಯ ಹಂತದಿಂದ ನಮ್ಮ ವಾಚಕರೊಬ್ಬರು ಕಳೆದ ತಿಂಗಳು ಒಂದು ಪತ್ರವನ್ನು ಬರೆದಿರುತ್ತಾರೆ. ಮನೆಯಲ್ಲಿ ಸ್ವಿಚ್ಚು, ಪ್ಲಗ್ಗು, ಇಸ್ತ್ರಿಪೆಟ್ಟಿಗೆ ಮೊದಲಾದುವು ಕೆಟ್ಟಾಗ ದೋಷವೆಲ್ಲಿದೆ ಎಂಬುದನ್ನಾದರೂ ತಾವೇ ಕಂಡುಕೊಳ್ಳಬೇಕೆಂಬ ಅಪೇಕ್ಷೆ ಅವರಿಗೆ ಹುಟ್ಟಿದೆ. ಅದಕ್ಕಾಗಿ ಒಂದು ಮಲ್ಟಿಮೀಟರನ್ನು ಕೊಳ್ಳಬೇಕು. ಅಂಗಡಿಯಲ್ಲಿ ೨೦೦ ರೂಪಾಯಿಯದೂ ಇದೆ, ೨೦,೦೦೦ ರೂಪಾಯಿಯದೂ ಇದೆ. ಸಾಮಾನ್ಯ ಗೃಹಸ್ಥನು ಯಾವುದನ್ನು ತರಬೇಕು ಎಂಬುದು ಅವರ ಪ್ರಶ್ನೆ. ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸುತ್ತ ಕಾಲ ಕಳೆದ ಉಪಾಧ್ಯಾಯನನ್ನು ಈ ಮಾತು ಕೇಳುವುದು ವಿನೋದವಾಗಿ ತೋರಬಹುದು. ಆದರೆ ಈ ವಿಷಯದಲ್ಲಿ ನಮಗೆ ಗುರುವಾಗಿ ಒದಗಿದುದು ಭಯ. ಆ ಗುರುವಿನ ಶಿಷ್ಯರೆಂಬ ಅಧಿಕಾರದಿಂದ ನಾಲ್ಕು ಮಾತು ಬರೆಯುತ್ತೇವೆ.

ಶಿವನಸಮುದ್ರದ ವಿದ್ಯುಚ್ಛಕ್ತಿ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದು, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಂದು ಮಾರುಕಟ್ಟೆಯ ಚೌಕದಲ್ಲಿ ನಿಂತು ದೀಪವನ್ನು ನೋಡಿ ಬೆರಗಾದವರ ಮೊಮ್ಮಕ್ಕಳ ಮನೆಯಲ್ಲಿ ಇಂದು ಅಡುಗೆಯ ಕೋಣೆಯೊಂದರಲ್ಲೇ ಐದಾರು ಯಂತ್ರಗಳು ಅದೇ ಶಕ್ತಿಯಿಂದ ತಿರುಗುತ್ತವೆ. ಹೀಗಿದ್ದರೂ ಆ ಶಕ್ತಿ ಕಣ್ಣಿಗೆ ಕಾಣದು, ಮೂಗಿಗೆ ನಾರದು. ಮುಟ್ಟಿ ತಿಳಿಯೋಣವೆಂದರೆ ಮುಟ್ಟಿದವನು ತಿಳಿದುದನ್ನು ಹೇಳಲು ಉಳಿಯದಿರಬಹುದು. ಆದುದರಿಂದ ಅದನ್ನು ಅರಿಯಲು ನಮ್ಮ ಇಂದ್ರಿಯಗಳ ಬದಲಿಗೆ ಒಂದು ಉಪಕರಣ ಬೇಕಾಗುತ್ತದೆ.

ಮೂರು ವರ್ಷಗಳ ಕೆಳಗೆ ಜಯನಗರದ ನಮ್ಮ ಮನೆಯಲ್ಲಿ ನಡೆದ ಸಂಗತಿಯನ್ನು ಹೇಳುತ್ತೇವೆ. ದೋಸೆಗೆ ರುಬ್ಬುವಾಗ ಗ್ರೈಂಡರನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಂದು ನಮ್ಮ ಮನೆಯವರು ಎರಡು ದಿನ ಹೇಳಿದರು. ಮೂರನೆಯ ದಿನ ನಾವು ಸಾಹಸಕ್ಕೆ ಹೊರಟೆವು. ಮಗನು ಕಾಲೇಜಿನ ದಿನಗಳಲ್ಲಿ ತಂದಿಟ್ಟಿದ್ದ ಅಗ್ಗದ ಮೀಟರೊಂದು ಕಪಾಟಿನಲ್ಲಿತ್ತು. ಮೀಟರು ಫಲಕದಲ್ಲಿ ‘ಅಡುಗೆಮನೆ’ ಎಂದು ಚೀಟಿ ಅಂಟಿಸಿದ್ದ ಸ್ವಿಚ್ಚನ್ನು ಕೆಳಗೆ ತಳ್ಳಿ ಬಂದು, ಸಾಕೆಟ್ಟಿನಲ್ಲಿ ಮೀಟರಿನ ಎರಡು ಮೊನೆಗಳನ್ನೂ ಇಟ್ಟು ನೋಡಿದೆವು. ಸೊನ್ನೆ. ಮತ್ತೊಮ್ಮೆ ನೋಡಿದೆವು, ಸೊನ್ನೆಯೇ. ಧೈರ್ಯವಾಗಿ ತಿರುಪುಳಿಯನ್ನು ಹಿಡಿದು ಫಲಕದ ಸ್ಕ್ರೂಗಳನ್ನು ಬಿಚ್ಚಿ, ತಂತಿಗೆ ಬೆರಳು ಹಾಕುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಮನೆಯವರು, “ಸ್ವಲ್ಪ ನಿಲ್ಲಿ ಅಂದರೆ! ಅಲ್ಲಿ ಕೆಂಪು ದೀಪ ಉರೀತಾನೇ ಇದೆಯಲ್ಲ!” ಎಂದು ಕೂಗಿದರು. ನೋಡಿದರೆ ನಿಜ. ಅದೇ ಫಲಕದ ಪುಟ್ಟ ಸೂಚಕದೀಪ ಉರಿಯುತ್ತಲೇ ಇತ್ತು. ಚೀಟಿಯನ್ನು ಯಾರೋ ತಪ್ಪು ಸ್ವಿಚ್ಚಿಗೆ ಅಂಟಿಸಿದ್ದರು. ಮೀಟರಿನ ಕರಿಯ ತಂತಿ ಹಿಡಿಕೆಯ ಒಳಗೆ ತುಂಡಾಗಿತ್ತು. ಎರಡು ಸುಳ್ಳುಗಳು ಒಂದಕ್ಕೊಂದು ಸಾಕ್ಷಿ ನುಡಿದಿದ್ದವು. ಆ ಕೂಗು ಒಂದು ಕ್ಷಣ ತಡವಾಗಿದ್ದರೆ ಈ ಲೇಖನವನ್ನು ಬರೆಯಲು ನಾವಿರುತ್ತಿದ್ದೆವೋ ಇಲ್ಲವೋ.

ಅಂದಿನ ರಾತ್ರಿ ನಿದ್ರೆ ಬಾರದೆ ಮಲಗಿದ್ದಾಗ, ನಾವು ಮೂವತ್ತು ವರ್ಷ ಓದಿ ಓದಿಸಿದ ಶಾಸ್ತ್ರದ ಮಾತೊಂದು ನೆನಪಿಗೆ ಬಂದಿತು. ಕಾಣದಿರುವುದೂ ಒಂದು ಪ್ರಮಾಣವೆಂದು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುತ್ತಾರೆ; ಅದಕ್ಕೆ ಅನುಪಲಬ್ಧಿಯೆಂದು ಹೆಸರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯಬಹುದು. ಆದರೆ ಅವರು ಅದಕ್ಕೊಂದು ಕಟ್ಟನ್ನು ಹಾಕಿದ್ದಾರೆ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆ ಅಲ್ಲಿರಬೇಕು. ಕತ್ತಲ ಕೋಣೆಯಲ್ಲಿ ನಿಂತು ಗಡಿಗೆ ಕಾಣಲಿಲ್ಲವೆನ್ನುವವನ ಮಾತಿನಿಂದ ಗಡಿಗೆಯ ಅಭಾವ ಸಿದ್ಧವಾಗದು. ತಂತಿ ತುಂಡಾದ ಮೀಟರು ತೋರಿಸುವ ಸೊನ್ನೆ ಇಂಥ ಕತ್ತಲೆಯ ಮಾತು. ವಿದ್ಯುತ್ತು ‘ಇದೆ’ ಎಂದು ಮೀಟರು ತಪ್ಪಾಗಿ ಹೇಳಿದರೆ ನಮಗೆ ಸ್ವಲ್ಪ ಕಾಲ ನಷ್ಟವಾದೀತು. ‘ಇಲ್ಲ’ ಎಂದು ತಪ್ಪಾಗಿ ಹೇಳಿದರೆ ಪ್ರಾಣವೇ ನಷ್ಟವಾದೀತು. ಆದುದರಿಂದ ಯಾವ ಮೀಟರಿನ ‘ಇಲ್ಲ’ ಎಂಬ ಮಾತನ್ನು ನಂಬಬಹುದೋ ಆ ಮೀಟರೇ ಗೃಹಸ್ಥನಿಗೆ ಯೋಗ್ಯವಾದುದು. ಬೆಲೆ, ಬಣ್ಣ, ಗುಂಡಿಗಳ ಸಂಖ್ಯೆ ಇವೆಲ್ಲ ಆಮೇಲಿನ ಮಾತು.

ಇನ್ನು ಉಪಕರಣದ ಸ್ವರೂಪವನ್ನು ತಿಳಿಯೋಣ. ವಿದ್ಯುತ್ತಿನ ಒತ್ತಡವನ್ನು ವೋಲ್ಟಿನಲ್ಲಿಯೂ, ಪ್ರವಾಹವನ್ನು ಆಂಪೇರಿನಲ್ಲಿಯೂ, ತಂತಿಯು ಒಡ್ಡುವ ಅಡ್ಡಿಯನ್ನು ಓಮ್‌ನಲ್ಲಿಯೂ ಅಳೆಯುವರು. ಇವು ಕ್ರಮವಾಗಿ ಇಟಲಿಯ, ಫ್ರಾನ್ಸಿನ, ಜರ್ಮನಿಯ ಮೂವರು ವಿದ್ವಾಂಸರ ಹೆಸರುಗಳು. ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಉಪಕರಣವನ್ನು ಬ್ರಿಟಿಷ್ ಅಂಚೆ ಇಲಾಖೆಯ ಇಂಜಿನಿಯರಾದ ಡೊನಾಲ್ಡ್ ಮೆಕಾಡಿ ಎಂಬಾತನು ಯೋಜಿಸಿದನು. ಮೂರು ಮಾನಗಳ ಮೊದಲಕ್ಷರಗಳನ್ನು ಕೂಡಿಸಿ ‘ಆವೋ ಮೀಟರು’ ಎಂಬ ಹೆಸರಿನಿಂದ ಅದು ೧೯೨೩ರಲ್ಲಿ ಮಾರಾಟಕ್ಕೆ ಬಂದಿತು. ಇಂದಿನ ಅಂಕಿ ತೋರಿಸುವ ಮೀಟರು ಅದರ ಸಂತತಿಯೇ.

ಕೊಳ್ಳುವಾಗ ನೋಡತಕ್ಕ ಅಂಶಗಳಲ್ಲಿ ಮೊದಲನೆಯದು ಸುರಕ್ಷತೆಯ ದರ್ಜೆ. ಮೀಟರಿನ ಮೈಮೇಲೆ ‘ಕ್ಯಾಟ್’ ಎಂದು ಬರೆದು ಮುಂದೆ ರೋಮನ್ ಅಂಕಿ ಇರುತ್ತದೆ. ಎರಡು ಗೆರೆಯದು ಸಾಕೆಟ್ಟಿಗೂ ಅದಕ್ಕೆ ಚುಚ್ಚುವ ಯಂತ್ರಗಳಿಗೂ ಸಾಕು. ಮೂರು ಗೆರೆಯದು ಮನೆಯ ಮುಖ್ಯ ಫಲಕಕ್ಕೂ ಆಗುತ್ತದೆ. ನಾಲ್ಕನೆಯ ದರ್ಜೆ ಕಂಬದಿಂದ ಮನೆಗೆ ಬರುವ ಮಾರ್ಗಕ್ಕೆ ಸಂಬಂಧಿಸಿದ್ದು. ವಿದ್ಯುನ್ಮಾರ್ಗದಲ್ಲಿ ಒಮ್ಮೊಮ್ಮೆ ಕ್ಷಣಮಾತ್ರ ಏಳುವ ಭಾರೀ ಅಲೆಯನ್ನು ಮೀಟರು ಸಿಡಿಯದೆ ತಾಳಬಲ್ಲುದೇ ಎಂಬುದನ್ನು ಈ ದರ್ಜೆ ಸೂಚಿಸುತ್ತದೆ. ಗೃಹಸ್ಥನು ಮೂರನೆಯ ದರ್ಜೆಯ, ೬೦೦ ವೋಲ್ಟಿನದನ್ನು ತರುವುದು ವಿಹಿತ. ಮೀಟರಿನ ತಂತಿಗಳ ಹಿಡಿಕೆಯ ಮೇಲೂ ಅದೇ ದರ್ಜೆ ಬರೆದಿರಬೇಕು.

ಎರಡನೆಯದು ಫ್ಯೂಸು. ಮೀಟರಿನ ಕೆಳಗೆ ಸಾಮಾನ್ಯವಾಗಿ ಮೂರು ರಂಧ್ರಗಳಿರುತ್ತವೆ. ಅವುಗಳಲ್ಲೊಂದು ೧೦ ಆಂಪೇರಿನ ಪ್ರವಾಹವನ್ನು ಅಳೆಯುವುದಕ್ಕೆ. ಈ ರಂಧ್ರದಲ್ಲಿ ಕೆಂಪು ತಂತಿಯನ್ನು ಮರೆತು, ಮೊನೆಗಳನ್ನು ಸಾಕೆಟ್ಟಿಗೆ ಇಟ್ಟರೆ ಎರಡು ತಂತಿಗಳನ್ನು ನೇರವಾಗಿ ಕೂಡಿಸಿದಂತೆಯೇ ಆಗಿ ಕೈಯಲ್ಲಿಯೇ ಕಿಡಿ ಹಾರುತ್ತದೆ. ತೀರ ಅಗ್ಗದ ಮೀಟರುಗಳಲ್ಲಿ ಈ ರಂಧ್ರಕ್ಕೆ ಫ್ಯೂಸೇ ಇರದಿರುವುದುಂಟು. ಪಕ್ಕದಲ್ಲಿ ‘ಅನ್‌ಫ್ಯೂಸ್ಡ್’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅಂಥದನ್ನು ಬಿಡತಕ್ಕದ್ದು. ಮನೆಯ ಕೆಲಸಕ್ಕೆ ಪ್ರವಾಹವನ್ನು ಅಳೆಯುವ ಪ್ರಸಂಗವೇ ಅಪರೂಪ. ಆ ರಂಧ್ರವನ್ನು ಬಳಸುವುದಿಲ್ಲವೆಂದು ವ್ರತ ಹಿಡಿದರೂ ಲೇಸೇ.

ಮೂರನೆಯದು, ತಂತಿ ತುಂಡಾಗಿಲ್ಲವೆಂಬುದನ್ನು ‘ಪೀ’ ಎಂಬ ಶಬ್ದದಿಂದ ತಿಳಿಸುವ ಏರ್ಪಾಡು. ನಾಲ್ಕನೆಯದು, ಅಳತೆಯ ವ್ಯಾಪ್ತಿಯನ್ನು ತಾನೇ ಆರಿಸಿಕೊಳ್ಳುವ ಗುಣ. ವಯಸ್ಸಾದವರಿಗೂ ಹೊಸಬರಿಗೂ ಇದು ಬಹಳ ಅನುಕೂಲ. ಇನ್ನು ‘ಟ್ರೂ ಆರ್‌ಎಂಎಸ್’ ಎಂಬ ವಿಶೇಷಣಕ್ಕೆ ಅಂಗಡಿಯವನು ಹೆಚ್ಚಿಗೆ ಹಣ ಕೇಳುತ್ತಾನೆ. ಬೆಸ್ಕಾಂ ಪೂರೈಸುವ ವಿದ್ಯುತ್ತಿಗೆ ಅದು ಅಗತ್ಯವಲ್ಲ. ಮನೆಯಲ್ಲಿ ಚೌಕ ಅಲೆಯ ಹಳೆಯ ಯುಪಿಎಸ್ ಇದ್ದರೆ ಮಾತ್ರ ಸಾಮಾನ್ಯ ಮೀಟರು ನೂರಕ್ಕೆ ಹನ್ನೊಂದರಷ್ಟು ಹೆಚ್ಚು ತೋರಿಸೀತು. ಅದನ್ನು ತಿಳಿದಿದ್ದರೆ ಸಾಕು. ಉಷ್ಣಮಾಪನ, ಟ್ರಾನ್ಸಿಸ್ಟರ್ ಪರೀಕ್ಷೆ ಮೊದಲಾದ ಅಲಂಕಾರಗಳಿಗೆ ಗೃಹಸ್ಥನು ಹಣ ತೆರಬೇಕಾಗಿಲ್ಲ.

ಇಷ್ಟು ಲಕ್ಷಣಗಳುಳ್ಳ ಮೀಟರು ಇಂದಿನ ಪೇಟೆಯಲ್ಲಿ ಸುಮಾರು ೮೦೦ರಿಂದ ೧,೫೦೦ ರೂಪಾಯಿಗಳೊಳಗೆ ದೊರೆಯುತ್ತದೆ. ನಾಸಿಕದ ಮೋಟ್ವಾನೆ, ರಿಷಭ್ ಮೊದಲಾದ ನಮ್ಮ ದೇಶದ ಕಾರ್ಖಾನೆಗಳವರೂ ಮಲ್ಟಿಮೀಟರುಗಳನ್ನು ಮಾಡುತ್ತಾರೆ. ಕೈಯಲ್ಲಿ ಹಿಡಿದು ನೋಡಿ ಕೊಳ್ಳಬೇಕೆನ್ನುವವರು ಬನಶಂಕರಿಯಲ್ಲೋ ಜಯನಗರದಲ್ಲೋ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿಳಿದು, ಸಾದರ ಪತ್ರಪ್ಪನವರ ರಸ್ತೆಗೆ ಹೋಗಬಹುದು, ಎಸ್.ಪಿ. ರೋಡೆಂದರೆ ಎಲ್ಲರೂ ಬಲ್ಲರು. ಅಂಗಡಿಯಲ್ಲಿಯೇ ಎರಡು ಮೊನೆಗಳನ್ನೂ ಒಂದಕ್ಕೊಂದು ಮುಟ್ಟಿಸಿ, ತಂತಿಯನ್ನು ಹಿಡಿಕೆಯ ಬಳಿ ಮೆಲ್ಲನೆ ಬಗ್ಗಿಸಿ ನೋಡಬೇಕು. ‘ಪೀ’ ಶಬ್ದ ನಡುವೆ ನಿಂತರೆ ಆ ತಂತಿ ಬೇಡ.

ಬಳಸುವ ಕ್ರಮದಲ್ಲಿ ಒಂದು ನಿಯಮವನ್ನು ಸಂಧ್ಯಾವಂದನೆಯಂತೆ ತಪ್ಪದೆ ನಡೆಸಬೇಕು. ವಿದ್ಯುತ್ತು ಇದೆಯೆಂದು ಗೊತ್ತಿರುವ ಸಾಕೆಟ್ಟಿನಲ್ಲಿ ಮೊದಲು ಮೀಟರನ್ನು ಪರೀಕ್ಷಿಸಿ; ಆಮೇಲೆ ಸಂಶಯವಿರುವೆಡೆಯಲ್ಲಿ ನೋಡಿ; ಅಲ್ಲಿ ಸೊನ್ನೆ ಬಂದರೆ ಮರಳಿ ಮೊದಲಿನ ಸಾಕೆಟ್ಟಿಗೆ ಹೋಗಿ ಮೀಟರು ಇನ್ನೂ ಸರಿಯಾಗಿದೆಯೆಂದು ಖಚಿತಮಾಡಿಕೊಳ್ಳಿ. ಈ ಮೂರು ಹೆಜ್ಜೆಗಳಾದ ಮೇಲೆ ಆ ಸೊನ್ನೆಗೆ ಪ್ರಾಮಾಣ್ಯ ಬರುತ್ತದೆ. ನಾವು ಅಂದು ಮೊದಲನೆಯ ಹೆಜ್ಜೆಯನ್ನು ಇಟ್ಟಿದ್ದರೆ ಮನೆಯವರು ಕೂಗಬೇಕಾಗಿರಲಿಲ್ಲ.

ಮೂರು ರಂಧ್ರದ ಸಾಕೆಟ್ಟಿನಲ್ಲಿ ದೊಡ್ಡ ರಂಧ್ರ ಮೇಲಿರುವಂತೆ ನಿಂತು ನೋಡಿದರೆ, ಬಲಕ್ಕೆ ಫೇಸು, ಎಡಕ್ಕೆ ನ್ಯೂಟ್ರಲ್ಲು, ಮೇಲೆ ಅರ್ಥು. ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ, ಬಲಕ್ಕೂ ಎಡಕ್ಕೂ ನಡುವೆ ಅಳೆದರೆ ೨೩೦ರ ಆಸುಪಾಸು ಬರಬೇಕು; ೨೧೬ರಿಂದ ೨೪೪ರವರೆಗೆ ಇದ್ದರೆ ಆತಂಕವಿಲ್ಲ. ಬಲಕ್ಕೂ ಮೇಲಕ್ಕೂ ನಡುವೆ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಎಡಕ್ಕೂ ಮೇಲಕ್ಕೂ ನಡುವೆ ಒಂದೆರಡು ವೋಲ್ಟು ಮಾತ್ರ ಇರಬೇಕು. ಎರಡನೆಯ ಅಳತೆ ೬೦, ೯೦ ಎಂದು ಅಲೆದಾಡುತ್ತಿದ್ದರೆ ಅರ್ಥು ತುಂಡಾಗಿದೆಯೆಂದು ಶಂಕಿಸಬೇಕು. ಎಲ್ಲಿಗೂ ಸೇರದೆ ತೂಗುವ ತಂತಿಯಲ್ಲಿ ಪಕ್ಕದ ತಂತಿಯ ಪ್ರಭಾವದಿಂದ ಹೀಗೆ ಛಾಯೆಯಂಥ ಅಂಕಿ ಹುಟ್ಟುತ್ತದೆ. ಅದನ್ನು ‘ಇದೆ’ ಎಂದೂ ‘ಇಲ್ಲ’ ಎಂದೂ ಎಣಿಸಬಾರದು. ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ನಮ್ಮ ಅಡುಗೆಮನೆಯ ಸಾಕೆಟ್ಟಿನಲ್ಲಿಯೂ ಇದೇ ದೋಷ ಕಂಡಿತು. ಗ್ರೈಂಡರಿನ ಮೈಗೆ ಸೋರಿದ ವಿದ್ಯುತ್ತು ನೆಲಕ್ಕೆ ಹೋಗಲು ದಾರಿಯಿಲ್ಲದೆ ಕೈಯನ್ನು ಹುಡುಕುತ್ತಿತ್ತು. ಅರ್ಥವಿಲ್ಲದ ಪದ ಕಿವಿಗೆ ಬೇಸರ ತಂದೀತು; ಅರ್ಥಿಲ್ಲದ ಸಾಕೆಟ್ಟು ಪ್ರಾಣಕ್ಕೇ ಸಂಚಕಾರ.

ಪ್ಲಗ್ಗನ್ನು ಪೂರ್ತಿ ಕಿತ್ತ ಮೇಲೆ ಮಾಡುವ ಪರೀಕ್ಷೆಗಳು ನಿರ್ಭಯವಾದುವು. ೨೩೦ನ್ನು ೨೩೦ರಿಂದ ಗುಣಿಸಿ ಯಂತ್ರದ ವಾಟ್ಸಿನಿಂದ ಭಾಗಿಸಿದರೆ ಅದರ ಅಡ್ಡಿ ಎಷ್ಟಿರಬೇಕೆಂಬುದು ದೊರೆಯುತ್ತದೆ. ೧,೦೦೦ ವಾಟ್ಸಿನ ಇಸ್ತ್ರಿಪೆಟ್ಟಿಗೆಗೆ ಸುಮಾರು ೫೩ ಓಮ್. ೨,೦೦೦ ವಾಟ್ಸಿನ ಗೀಸರಿಗೆ ಸುಮಾರು ೨೬. ತಣ್ಣಗಿರುವಾಗ ಇದಕ್ಕಿಂತ ತುಸು ಕಡಿಮೆ ಬಂದರೂ ಸರಿಯೇ. ಇಸ್ತ್ರಿಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿಟ್ಟು ಪ್ಲಗ್ಗಿನ ಎರಡು ಕಡ್ಡಿಗಳ ನಡುವೆ ಅಳೆದಾಗ ಮೀಟರು ಅಪಾರವೆಂದು ತೋರಿಸಿದರೆ, ಒಳಗೆ ಎಲ್ಲೋ ತುಂಡಾಗಿದೆ. ಯುಪಿಎಸ್ಸಿನ ೧೨ ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿ ವಿಶ್ರಮಿಸಿದ ಮೇಲೆ ಡಿ.ಸಿ.ಯಲ್ಲಿ ೧೨.೬ರಷ್ಟು ತೋರಿಸಬೇಕು, ೧೨ಕ್ಕಿಳಿದಿದ್ದರೆ ಬಹುಮಟ್ಟಿಗೆ ಬರಿದಾಗಿದೆಯೆಂದು ತಿಳಿಯಬೇಕು.

ಮೀಟರಿಗೂ ಕಾಣದ ದೋಷಗಳುಂಟು. ಗೀಸರಿನ ಒಳಗೆ ನೀರಿಗೆ ವಿದ್ಯುತ್ತು ಸೋರುತ್ತಿದೆಯೇ ಎಂಬುದನ್ನು ಈ ಮೀಟರಿನ ಒಂಬತ್ತು ವೋಲ್ಟಿನ ಸಣ್ಣ ಬ್ಯಾಟರಿ ಖಚಿತವಾಗಿ ಹೇಳಲಾರದು. ಅದಕ್ಕೆ ೫೦೦ ವೋಲ್ಟಿನ ಮೆಗ್ಗರು ಬೇಕು. ಅಲ್ಲಿ ಇದರ ‘ಇಲ್ಲ’ ಪ್ರಮಾಣವಲ್ಲ. ಆದಕಾರಣ ೩೦ ಮಿಲಿಆಂಪೇರಿನ ಆರ್‌ಸಿಸಿಬಿಯನ್ನು ಮನೆಯ ಫಲಕದಲ್ಲಿ ಹಾಕಿಸದವರು ಮೊದಲು ಅದನ್ನು ಹಾಕಿಸಿ, ಆಮೇಲೆ ಮಲ್ಟಿಮೀಟರನ್ನು ತರಲಿ. ತಂತಿಗಳನ್ನು ಬಿಚ್ಚಿ ಜೋಡಿಸುವ ಕೆಲಸಕ್ಕೆ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನೇ ಬರಲಿ. ಬೆಸ್ಕಾಂ ಮೀಟರಿನಿಂದ ಆಚೆಗಿನ ದೋಷಕ್ಕೆ ೧೯೧೨ಕ್ಕೆ ಕರೆಮಾಡಿ ತಿಳಿಸುವುದೇ ಮಾರ್ಗ.

ಹಾಗಾದರೆ ನಮ್ಮ ಕೈಯಲ್ಲಿ ಮೀಟರೇಕೆ ಎಂದು ವಾಚಕರು ಕೇಳಬಹುದು. ಬಂದವನು ಮಾಡಿದ ಕೆಲಸ ಸರಿಯಾಗಿದೆಯೇ ಎಂದು ಅವನು ಹೋದ ಮೇಲೆ ನೋಡುವುದಕ್ಕೆ. ಬಾಡಿಗೆಮನೆಗೆ ಹೋಗುವ ಮೊದಲು ಸ್ನಾನದ ಕೋಣೆಯ ಸಾಕೆಟ್ಟಿನಲ್ಲಿ ಅರ್ಥು ಇದೆಯೇ ಎಂದು ತಿಳಿಯುವುದಕ್ಕೆ. ಬಿ.ಟಿ.ಎಂ. ಬಡಾವಣೆಯಲ್ಲಿ ಕೊಠಡಿ ಹಿಡಿದಿರುವ ನಿಮ್ಮ ಮಗನಿಗೋ ಮಗಳಿಗೋ ಇದನ್ನು ಕಲಿಸಿಕೊಟ್ಟರೆ, ಅದೂ ಒಂದು ವಿದ್ಯಾದಾನವೇ.

ನಮ್ಮ ಮನೆಯಲ್ಲಿ ಈಗ ಹೊಸ ಮೀಟರಿದೆ. ಫಲಕದ ಚೀಟಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಹೊಸದಾಗಿ ಬರೆದು ಅಂಟಿಸಿದ್ದೇವೆ. ಆದರೂ ಮೀಟರು ಸೊನ್ನೆ ತೋರಿಸಿದಾಗಲೆಲ್ಲ ಒಮ್ಮೆ ಕೆಂಪು ದೀಪವನ್ನೂ, ಒಮ್ಮೆ ಬಾಗಿಲಲ್ಲಿ ನಿಂತ ಮನೆಯವರ ಮುಖವನ್ನೂ ನೋಡದೆ ನಾವು ತಿರುಪುಳಿಗೆ ಕೈ ಹಾಕುವುದಿಲ್ಲ.