ಸಸಿ ಸತ್ತರೆ ಬೀಜವನ್ನಷ್ಟೇ ದೂರಬೇಡಿ

ತೋಟದ ಜೊತೆಗೆ ತುಂಡು ಗದ್ದೆಯನ್ನೂ ಇಟ್ಟುಕೊಂಡ ಸದಸ್ಯರು ನಮ್ಮಲ್ಲಿ ಬಹಳ. ಭತ್ತದ ಸಸಿಮಡಿ ಅಲ್ಲಲ್ಲಿ ಬೋಳಾಯಿತೆಂದರೆ ಸಂಘಕ್ಕೆ ಬರುವ ಮೊದಲ ಮಾತು, “ನೀವು ಕೊಟ್ಟ ಬೀಜವೇ ಸರಿಯಿಲ್ಲ.” ಕೆಲವು ಸಲ ಅದು ನಿಜವೂ ಹೌದು. ಆದರೆ ಅದೇ ಚೀಲದ ಬೀಜ ಪಕ್ಕದ ಮಡಿಯಲ್ಲಿ ಹಸಿರಾಗಿ ಎದ್ದಿದ್ದರೆ?

ನೀರು ನಿಂತ ತಂಪು ಮಡಿಯಲ್ಲಿ ಭತ್ತದ ಮೊಳಕೆ ಮೇಲೇಳುತ್ತದೆ, ಗಾಳಿಯಿಲ್ಲದೆ ಬೇರು ಮಾತ್ರ ಇಳಿಯದು. ಹಾಗೆ ಬಲಗುಂದಿದ ಮೊಳಕೆಯನ್ನು ಪಿಥಿಯಂ, ಅಕ್ಲ್ಯಾ ಮೊದಲಾದ ಬೂಷ್ಟಿನ ಜೀವಿಗಳು ಹಿಡಿಯುತ್ತವೆ. ಬೀಜದ ಸುತ್ತ ಹತ್ತಿಯಂತಹ ಬಿಳಿ ಎಳೆ ಕಾಣುತ್ತದೆ. ಕಾಫಿ ನರ್ಸರಿಯಲ್ಲಿ ನೆರಳೂ ನೀರೂ ಹೆಚ್ಚಾಗಿ ಎಳೆಸಸಿಯ ಬುಡ ಕೊಳೆತದ್ದನ್ನು ಕಂಡವರಿಗೆ ಇದು ಹೊಸದೇನಲ್ಲ.

ಒಣಸೀಮೆಯವರಿಗೆ ಈ ಕಾಟವಿಲ್ಲವೆಂದೂ ತಿಳಿಯಬೇಡಿ. ಗದಗ ಜಿಲ್ಲೆಯ ರೋಣದ ಕಡೆ ಎರೆಹೊಲದಲ್ಲಿ ಮುಂಗಾರಿನ ಹೆಸರು ತೆಗೆದು ಹಿಂಗಾರಿಗೆ ಕಡಲೆ ಬಿತ್ತುತ್ತಾರೆ. ಮಣ್ಣು ಹಿಡಿದಿಟ್ಟ ತೇವವೇ ಆ ಬೆಳೆಗೆ ಆಧಾರ. ಬಿತ್ತಿದ ಮೂರು ನಾಲ್ಕು ವಾರಕ್ಕೇ ಗಿಡ ಬಾಡಿಸಬಲ್ಲ ಸೊರಗು ರೋಗದ ಫ್ಯುಸೇರಿಯಂ ಶಿಲೀಂಧ್ರ, ಹೊಲದಲ್ಲಿ ಕಡಲೆಯೇ ಇಲ್ಲದಿದ್ದರೂ 6 ವರ್ಷ ಮಣ್ಣಿನಲ್ಲಿ ಬದುಕುತ್ತದೆ. ಮುಂದೆ ತೇವ ಆರಿ ಬಿಸಿಲೇರಿದರೆ ಇನ್ನೊಂದು ಶಿಲೀಂಧ್ರ ಬೇರನ್ನು ಒಣಕೊಳೆಗೆ ಈಡುಮಾಡುತ್ತದೆ. ನಮ್ಮಲ್ಲಿ ನೀರು ಹೆಚ್ಚಾಗಿ ಸಸಿ ಸಾಯುತ್ತದೆ, ಅವರಲ್ಲಿ ಸಾಲದೆ.

ಬೀಜದ ಪಾಲೂ ಇದೆ, ಒಪ್ಪೋಣ. ಹೆಸರಾಂತ ಅಣ್ಣಿಗೇರಿ-1 ಕಡಲೆ ಸೊರಗು ರೋಗಕ್ಕೆ ಸೋತಿತು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸೇರಿ ಅದಕ್ಕೆ ರೋಗ ತಡೆಯುವ ಗುಣ ಕೂಡಿಸಿದ ಸೂಪರ್ ಅಣ್ಣಿಗೇರಿ-1 ತಳಿ 2019ರಲ್ಲಿ ಬಿಡುಗಡೆಗೆ ಆಯ್ಕೆಯಾಯಿತು. ಆದರೆ ಸೊರಗು ತಡೆಯುವ ಆ ಗುಣ ಒಣಕೊಳೆಗೆ ಮದ್ದಲ್ಲ. ಅದಕ್ಕೇ ಕಡಲೆ ಬೆಳೆಯುವವರಿಗೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿರಿ, ಬೆಳೆ ಬದಲಿಸಿರಿ ಎಂಬ ಸಲಹೆ.

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ತರುವಾಗ ನಾವು ಹಿಂದೆಮುಂದೆ ನೋಡುವುದಿಲ್ಲ. (ಈಗಿನ ಬೆಲೆಗೆ ನೋಡಬೇಕಾಗಿದೆ, ಆ ಮಾತು ಬೇರೆ.) ಸಸಿಮಡಿಯನ್ನು 4 ಇಂಚು ಎತ್ತರಿಸಿ ಸುತ್ತ ಬಸಿಗಾಲುವೆ ತೆಗೆಯುವ ಅರ್ಧ ದಿನದ ಕೆಲಸಕ್ಕೆ ಮಾತ್ರ ಆಳಿಲ್ಲ ಎನ್ನುತ್ತೇವೆ. ಮಡಿ ಹೋದರೆ ನಾಟಿಯೇ ತಡ. ಆ ಹೊತ್ತಿಗೆ ಮತ್ತೆ ಬೀಜ ಸಿಗುವುದೂ ಕಷ್ಟ.

ಆದ್ದರಿಂದ ದೂರು ತರುವವರು ಸತ್ತ ಸಸಿಗಳನ್ನು ಬೇರು, ಮಣ್ಣು ಸಮೇತ ಕಿತ್ತು ತರಬೇಕು, ಸಂಘ ಅದನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಚೀಲದ ಚೀಟಿಯನ್ನೂ ಎಸೆಯಬೇಡಿ. ತಪ್ಪು ಬೀಜದ್ದೇ ಎಂದಾದರೆ ಸಂಘವೇ ಉತ್ತರ ಹೇಳಬೇಕು.